ಹೊಸ ರೌಟರ್, ಎಕ್ಸ್‌ಟೆಂಡರ್, ಮೆಶ್: ಯಾವುದಕ್ಕೆ ಯಾವುದು?

ವೈಫೈ ತಕರಾರು ಎರಡು ಥರ. ರೌಟರ್ ಪಕ್ಕದಲ್ಲಿ ಕೂತರೂ ನಿಧಾನ ಅನ್ನುವುದು ಒಂದು, ಒಳಗಿನ ರೂಮಿಗೆ ಸಿಗ್ನಲ್ಲೇ ಬರುವುದಿಲ್ಲ ಅನ್ನುವುದು ಇನ್ನೊಂದು. ಹೊಸ ರೌಟರ್ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಅಷ್ಟಕ್ಕಷ್ಟೆ.

ಹಳೆಯ ವೈಫೈ 5 ರೌಟರ್ ತೆಗೆದು, ಅದರ ಮುಂದಿನ ತಲೆಮಾರಿನ ವೈಫೈ 6 ಇಟ್ಟಾಗ ಫೋನಿನಲ್ಲಿ ಲಿಂಕ್ ಸ್ಪೀಡ್ (ಫೋನಿಗೂ ರೌಟರಿಗೂ ನಡುವಿನ ವೇಗ) 866 ಎಂಬಿಪಿಎಸ್‌ನಿಂದ 1201ಕ್ಕೆ ಏರಿತು. ಅಷ್ಟೂ ಡೌನ್‌ಲೋಡ್‌ನಲ್ಲಿ ಸಿಗುವುದಿಲ್ಲ ಬಿಡಿ. ನನಗೆ ಜಾಸ್ತಿ ಇಷ್ಟವಾದದ್ದು ಬೇರೆ: ಟಿವಿ, ಲ್ಯಾಪ್‌ಟಾಪ್, ಫೋನ್ ಎಲ್ಲ ಒಟ್ಟಿಗೆ ಓಡುವಾಗ ವಿಡಿಯೋ ಕಾಲ್ ತಡವರಿಸುವುದು ನಿಂತಿತು. ಒಂದೇ ಚಾನೆಲ್ಲನ್ನು ಏಕಕಾಲಕ್ಕೆ ಹಲವು ಸಾಧನಗಳಿಗೆ ಹಂಚುವ ಒಎಫ್‌ಡಿಎಂಎ ಇದರಲ್ಲಿದೆ. ಎರಡು ಗೋಡೆ ಆಚೆ ಮಾತ್ರ ಹೆಚ್ಚು ಕಡಿಮೆ ಹಳೇ ಕಥೆಯೇ. ರೌಟರಿನ ಸಿಗ್ನಲ್ ಎಷ್ಟು ಜೋರಿರಬಹುದು ಅನ್ನುವುದಕ್ಕೆ ಕಾನೂನಿನ ಮಿತಿ ಇದೆ. ಇನ್ನು ರೌಟರ್ ಎಷ್ಟೇ ಜೋರಾಗಿ ಕೂಗಿದರೂ, ಫೋನಿನ ಸಣ್ಣ ದನಿ ಅದಕ್ಕೆ ವಾಪಸ್ ಕೇಳಿಸಬೇಕಲ್ವಾ?

ವೈಫೈ 7 ಇನ್ನೂ ಹೊಸದು, ಪ್ರಮಾಣೀಕರಣ ಶುರುವಾದದ್ದು 2024ರಲ್ಲಿ. 6 ಗಿಗಾಹರ್ಟ್ಸ್‌ನಲ್ಲಿ ಒಂದೇ ರೂಮಿನೊಳಗೆ ಅದರ ವೇಗ ಅದ್ಭುತ. ಗೋಡೆ ಅಡ್ಡ ಬಂದರೆ 5 ಗಿಗಾಹರ್ಟ್ಸ್‌ಗಿಂತ ಬೇಗ ಸೊರಗುತ್ತದೆ. ಫೋನೂ ವೈಫೈ 7ರದ್ದೇ ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ನನಗೆ ಹಿಡಿಸಲಿಲ್ಲ. ಸಿಗ್ನಲ್ ಗೆರೆ ಪೂರ್ತಿ, ವಿಡಿಯೋ ಮಾತ್ರ ಸುತ್ತುತ್ತಲೇ ಇರುತ್ತದೆ. ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಕಳಿಸುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡು ಮೂರು ಪೆಟ್ಟಿಗೆ ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಮೆಶ್ ಎಷ್ಟೋ ವಾಸಿ, ಅದರಲ್ಲೂ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಲು ಬೇರೆ ಬ್ಯಾಂಡ್ (ರೇಡಿಯೋ ತರಂಗದ ಪಟ್ಟಿ) ಇಟ್ಟುಕೊಳ್ಳುವಂಥದ್ದು. ಎರಡನೇ ಪೆಟ್ಟಿಗೆಯನ್ನು ಸಿಗ್ನಲ್ ಇಲ್ಲದ ರೂಮಿನಲ್ಲಿ ಇಡಬಾರದು. ಅಲ್ಲಿ ಅದಕ್ಕೇ ಸಿಗ್ನಲ್ ಸಿಗುವುದಿಲ್ಲ! ಅರ್ಧ ದಾರಿಯಲ್ಲಿ ಇಡಬೇಕು.

ಇಷ್ಟೆಲ್ಲದರಲ್ಲಿ ಗೆದ್ದದ್ದು ಕೇಬಲ್. ಹೊಸ ವೈಫೈ 6 ರೌಟರಿನಿಂದ ಒಳಗಿನ ರೂಮಿಗೆ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಎಳೆದು, ಹಳೇ ರೌಟರನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈಫೈ ಆಗಿ ಹಂಚುವುದಷ್ಟೇ ಅದರ ಕೆಲಸ. ಅಲ್ಲಿ ಹಳೇ ವೈಫೈ 5 ಕೂಡ ದುಬಾರಿ ಮೆಶ್‌ಗಿಂತ ಚೆನ್ನಾಗಿ ಓಡಿತು. ಹಳೇ ರೌಟರಿನ ಪೋರ್ಟ್ ಗಿಗಾಬಿಟ್‌ನದ್ದೇ ಅಂತ ಮೊದಲು ನೋಡಿಕೊಳ್ಳಿ, 100 ಎಂಬಿಪಿಎಸ್ ಪೋರ್ಟ್ ಆದರೆ ವೇಗ ಅಲ್ಲೇ ಕಟ್ಟಿಹೋಗುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, ಚಾನೆಲ್ ಮಾತ್ರ ಬೇರೆ ಬೇರೆ. ಆಗಲೂ ಫೋನ್ ದೂರದ ರೌಟರನ್ನೇ ಹಿಡಿದುಕೊಂಡು ಕೂತರೆ, ಆ ರೌಟರಿನ 2.4 ಗಿಗಾಹರ್ಟ್ಸ್ ಪವರ್ ಸ್ವಲ್ಪ ಇಳಿಸಿ ನೋಡಿ.