ಹೊಸ ತಂತ್ರಾಂಶ ಬಂತೆಂದು ಹಳೆಯದನ್ನು ಅಳಿಸಲು ಬಿಡಬೇಡಿ

ಕಲಬುರಗಿಯ ಬೇಳೆ ಮಿಲ್ಲುಗಳಲ್ಲಿ, ಗಂಜ್ ಮಾರುಕಟ್ಟೆಯ ಅಡತಿ (ದಲ್ಲಾಳಿ) ಅಂಗಡಿಗಳಲ್ಲಿ ಲೆಕ್ಕ ಇಡಲು ಫಾಕ್ಸ್‌ಪ್ರೊ ಎಂಬ ಹಳೆಯ ದತ್ತಾಂಶ ತಂತ್ರಾಂಶವನ್ನು ನೆಚ್ಚಿಕೊಂಡಿರುವವರು ಇನ್ನೂ ಇದ್ದಾರೆ. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2015ರಲ್ಲಿ. ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಲೆಕ್ಕ ನೋಡಿಕೊಳ್ಳುವ ಮಿಲ್ಲಿನಲ್ಲಿ ಬದಲಾವಣೆ ನಡೆದ ರೀತಿ ಮತ್ತೆಲ್ಲೂ ನಡೆಯಬಾರದು.

ನಮಗೆಂದೇ ಹೊಸ ತಂತ್ರಾಂಶ ಬರೆದುಕೊಡಲು ಒಪ್ಪಿದ ಸಂಸ್ಥೆಯವರು ತೊಗರಿ ಆವಕ ಜೋರಾಗಿದ್ದ ಜನವರಿಯಲ್ಲೇ ಅದನ್ನು ಅಳವಡಿಸಿದರು. ಹಳೆಯ ಮಾಹಿತಿ ಪೂರ್ತಿ ಬಂದಿದೆಯೇ ಎಂದು ಕೇಳಿದಾಗ, ‘ದಾಖಲೆಗಳ ಎಣಿಕೆ ತಾಳೆಯಾಗಿದೆ, ಒಂದೂ ತಪ್ಪಿಲ್ಲ’ ಎಂದರು. ಮರುದಿನ ಯಾರನ್ನೂ ಕೇಳದೆ ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ತೂಕದ ಕಾಟಾಕ್ಕೆ ಜೋಡಿಸಿದರು.

ಆ ತಿಂಗಳ ಇಳುವರಿ ವರದಿ ನೋಡಿ ಮಾಲೀಕರು ಬೆಚ್ಚಿದರು. ಖರೀದಿಸಿದ ತೊಗರಿಗೂ ಹೊರಬಂದ ಬೇಳೆ, ನುಚ್ಚು, ಹೊಟ್ಟಿಗೂ ಹೊಂದಾಣಿಕೆಯೇ ಇರಲಿಲ್ಲ. ಅನುಮಾನ ನೇರವಾಗಿ ಗೋದಾಮಿನ ಹಮಾಲರ ಮೇಲೆ ಬಿತ್ತು. ಸಂಜೆ ಮನೆಗೆ ಹೊರಟವರ ಚೀಲಗಳನ್ನು ಗೇಟಿನಲ್ಲಿ ಬಿಚ್ಚಿಸಿ ನೋಡಿದರು. ವರ್ಷಗಟ್ಟಲೆ ಬೆನ್ನ ಮೇಲೆ ಮೂಟೆ ಹೊತ್ತವರಿಗೆ ಆದ ಆ ಅವಮಾನ ನನ್ನಿಂದ ಮರೆಯಲಾಗುತ್ತಿಲ್ಲ.

ಕಳ್ಳತನ ಯಾರೂ ಮಾಡಿರಲಿಲ್ಲ. ಫಾಕ್ಸ್‌ಪ್ರೊದಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಅದು ತಕ್ಷಣ ಕಡತದಿಂದ ಹೋಗುವುದಿಲ್ಲ. ಅದರ ಮೊದಲ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೇ. ‘ಪ್ಯಾಕ್’ ಎಂಬ ಆಜ್ಞೆ ಕೊಡುವವರೆಗೆ ಅದು ಅಲ್ಲೇ ಇರುತ್ತದೆ, ಒಟ್ಟು ಎಣಿಕೆಯಲ್ಲೂ ಸೇರಿರುತ್ತದೆ. ಹಳೆಯ ತಂತ್ರಾಂಶ ಆ ಗುರುತು ಇದ್ದವನ್ನು ಮರೆಮಾಡುತ್ತಿತ್ತು. ಹೊಸಬರು ಗುರುತನ್ನು ನೋಡದೆ ಎಲ್ಲವನ್ನೂ ತುಂಬಿಸಿದ್ದರು. ರದ್ದಾದ ಖರೀದಿ ಚೀಟಿಗಳೆಲ್ಲ ಜೀವ ಪಡೆದು ತೊಗರಿಯ ಲೆಕ್ಕ ಉಬ್ಬಿತ್ತು. ಎಣಿಕೆ ತಾಳೆಯಾಗಿದೆ ಎಂದು ಅವರು ಹೆಮ್ಮೆಯಿಂದ ಹೇಳಿದ್ದೇ ತಪ್ಪಿನ ಗುರುತಾಗಿತ್ತು. ನುಡಿ ಎಂಬ ಹಳೆಯ ಕನ್ನಡ ಅಕ್ಷರಶೈಲಿಯಲ್ಲಿದ್ದ ರೈತರ ಹೆಸರುಗಳನ್ನೂ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸದೆ ಹಾಗೇ ತುಂಬಿದ್ದರಿಂದ ಅವು ಓದಲಾಗದ ಗೀಚುಗಳಾಗಿದ್ದವು.

ಇದು ಪತ್ತೆಯಾದದ್ದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹಿಂದಿನ ಮಾರ್ಚ್‌ವರೆಗಿನ ಒಂದು ಪ್ರತಿ ಉಳಿದಿದ್ದರಿಂದ. ಅಲ್ಲಿಂದಾಚೆಗಿನದನ್ನು ಮುದ್ರಿತ ಹಾಳೆಗಳಿಂದ ಮತ್ತೆ ನಮೂದಿಸುತ್ತಿದ್ದೇವೆ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ಸ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಆದ್ದರಿಂದ ಹೋದದ್ದು ಹೋಯಿತೆಂದು ಬಿಡುವಂತಿಲ್ಲ.

ದೋಷ ಸರಿಪಡಿಸಿ ಎಂದರೆ ಸಂಸ್ಥೆಯವರು ಹೆಚ್ಚುವರಿ ಹಣ ಕೇಳಿದರು. ಬೇರೆಯವರಿಂದ ಮಾಡಿಸಿಕೊಳ್ಳುತ್ತೇವೆ, ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಕೊಡಿ ಎಂದರೆ ಅದು ತಮ್ಮದು ಎಂದರು. ಕಾನೂನು ಅವರ ಕಡೆಗೇ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಹೊರಗಿನವರು ಬರೆದುಕೊಟ್ಟ ತಂತ್ರಾಂಶದ ಹಕ್ಕು, ಲಿಖಿತವಾಗಿ ವರ್ಗಾಯಿಸದಿದ್ದರೆ, ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷ ಎಂದೇ ಪರಿಗಣಿಸುತ್ತಾರೆ.

ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಮೂಲ ಸಂಕೇತದ ಹಕ್ಕು, ಅದರ ಅವಧಿ, ಸರ್ವರಿನ ಪಾಸ್‌ವರ್ಡ್ ಮೂರನ್ನೂ ಬರೆಸಿಕೊಳ್ಳಿ. ಹಳೆಯ ಕಡತಗಳ ಎರಡು ಪ್ರತಿ ತೆಗೆದು ಒಂದನ್ನು ಮಿಲ್ಲಿನ ಹೊರಗಿಡಿ. ದಾಖಲೆಗಳ ಎಣಿಕೆಯನ್ನು ನಂಬಬೇಡಿ. ಕ್ವಿಂಟಲ್ ಮೊತ್ತ, ಪ್ರತಿ ಅಡತಿದಾರರ ಬಾಕಿ, ಇಳುವರಿ ಹಳೆಯ ಮತ್ತು ಹೊಸ ತಂತ್ರಾಂಶ ಎರಡರಲ್ಲೂ ಒಂದೇ ಬರುತ್ತದೆಯೇ ನೋಡಿ. ಒಂದು ಪೂರ್ತಿ ಹಂಗಾಮು ಎರಡೂ ಜೊತೆಯಾಗಿ ನಡೆಯಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗಂಜಿನಲ್ಲಿ ತೊಗರಿ ಕಡಿಮೆಯಾಗುವ ಮಳೆಗಾಲದಲ್ಲಿ ಶುರುಮಾಡಿ.