ಅಂಕೋಲಾದ ಬ್ಯಾಸಿಗಿ ಮಳಿ: ಫೋನಿನ ಆ್ಯಪ್, ಹವಾಮಾನ ಇಲಾಖೆ, ವಿಂಡಿ, ಮತ್ತ ಅಕ್ಕನ ಅತ್ತಿ

ಅಕ್ಕನ ಮಗಳ ಲಗ್ನ ಮೇ ಎರಡನೇ ವಾರ, ಅಂಕೋಲಾದಾಗ, ಅವರ ಮನಿ ಅಂಗಳದಾಗ ಅಂತ ಹೋಳಿ ಹುಣ್ಣಿಮಿ ಮುಂದ ಗಟ್ಟಿ ಆತು. ಪೆಂಡಾಲಿನವ ಮೊದಲ ಕೇಳಿದ್ದು ಒಂದ ಮಾತು, ಬಟ್ಟಿ ಶಾಮಿಯಾನಾ ಸಾಕೋ ತಗಡಿನ ಶೀಟ್ ಬೇಕೋ ಅಂತ. ತಗಡು ಅಂದ್ರ ರೊಕ್ಕ ಡಬಲ್, ಮ್ಯಾಲ ಆ ಸೆಕಿಯೊಳಗ ತಗಡಿನ ಕೆಳಗ ಕುಂತ ಮಂದಿ ಬೆಂದು ಹೋಗ್ತಾರ. ಬಟ್ಟಿ ಹಾಕಿದ್ರ ಒಂದ ಜೋರ ಮಳಿಗೆ ಊಟದ ಪಂಕ್ತಿ ಎಲಿ ಬಿಟ್ಟು ಏಳಬೇಕು. ನಾಕ ದಿನ ಮೊದಲ ಹೇಳಿದ್ರ ನಡೀತೈತಿ ಅಂದಾ. ಅಂದ್ರ ನನ್ನ ಕೈಯಾಗ ಎರಡ ತಿಂಗಳ ಇತ್ತು, ಯಾವ ಮುನ್ಸೂಚನೆ ನಂಬಬೇಕು ಅನ್ನೂದನ್ನ ಸುಮ್ನ ಮಾತಿನ್ಯಾಗ ಅಲ್ಲ, ದಿನಾ ಬರದಿಟ್ಟು ನೋಡೂಣು ಅಂತ ಕುಂತೆ.

ನಾವು ಬೆಳಗಾವಿಯವರು. ಇಲ್ಲೆ ಏಪ್ರಿಲ್, ಮೇ ಅಂದ್ರ ಅಡ್ಡಮಳಿ ಹೆಂಗ ಬರ್ತೈತಿ ಅನ್ನೂದು ಸಣ್ಣ ಹುಡುಗರಿಗೂ ಗೊತ್ತು, ಮಧ್ಯಾಹ್ನ ಮೂರರ ಮ್ಯಾಲ ಕರ್ರಗ ಮಾಡಿ, ಧೂಳ ಎಬ್ಬಿಸಿ, ಒಮ್ಮೊಮ್ಮೆ ಆಲಿಕಲ್ಲ ಒಗದು, ತಾಸಿನ್ಯಾಗ ಮುಗದು ಹೋಗ್ತೈತಿ. ಕರಾವಳಿಗೆ ಈ ಅಂದಾಜು ನಡಿಯಂಗಿಲ್ಲ. ಅಲ್ಲೆ ಒಂದ ಕಡೆ ಸಮುದ್ರ, ಇನ್ನೊಂದ ಕಡೆ ತಾಸಿನ ಹಾದಿಗೆ ಘಟ್ಟ, ನಡುವ ಕಿರಿದಾದ ಪಟ್ಟಿ. ಘಟ್ಟದ ಮ್ಯಾಲ ಸಿಡಲ ಬಡಿಯೂ ಮುಂದ ಕೆಳಗ ಅಕ್ಕ ಅಂಗಳದಾಗ ಮುರುಗಲ (ಕೋಕಂ) ಸಿಪ್ಪಿ ಒಣಗಿಸ್ಕೋತ ಕುಂತಿರ್ತಾಳ.

ಆ ಮುರುಗಲ ಸಿಪ್ಪಿನ ನನ್ನ ಪರೀಕ್ಷೆಗೆ ಮಾಪು ಆತು ಅನ್ರಿ. ಏಪ್ರಿಲ್‌ದಾಗ ಹಣ್ಣ ಒಡದು, ಬೀಜ ತಗದು, ಸಿಪ್ಪಿಗೆ ಉಪ್ಪ ಹಚ್ಚಿ ಚಾಪಿ ಮ್ಯಾಲ ಹರವತಾರ, ಕೆಂಪಗಿದ್ದದ್ದು ದಿನದಿಂದ ದಿನಕ್ಕ ಕರ್ರಗ ಆಗಿ ಮುದುರಿ ತೊಗಲಿನಂಗ ಆಗ್ತೈತಿ. ನಡುವ ಒಂದ ಸಲ ತೊಯ್ತು ಅಂದ್ರ ಬೂಷ್ಟು ಹಿಡಿತೈತಿ, ಇಡೀ ಚಾಪಿ ಹೋತು. ಹಿಂಗಾಗಿ ಮಳಿ ಬಂತೋ ಇಲ್ಲೋ ಅನ್ನೂದನ್ನ ಅಕ್ಕ ತಪ್ಪಿ ಹೇಳೂ ಮಾತ ಇಲ್ಲ. ರಾತ್ರಿ ಒಂಬತ್ತಕ್ಕ ನಾ ನೋಟ್‌ಬುಕ್ಕಿನ್ಯಾಗ ನಾಳಿನ ಮುನ್ಸೂಚನೆ ಎಲ್ಲಾ ಬರೀತಿದ್ದೆ, ಮರದಿನಾ ರಾತ್ರಿ ಅಕ್ಕಗ ಫೋನ್ ಮಾಡಿ, "ಇವತ್ತ ಚಾಪಿ ಒಳಗ ತಂದ್ಯಾ ಅಕ್ಕಾ?" ಅಂತ ಕೇಳ್ತಿದ್ದೆ. ಅಷ್ಟ.

ಮೊದಲ ಫೋನಿನ ಜೊತಿ ಬಂದಿದ್ದ ಆ್ಯಪ್. ಎಲ್ಲಾರೂ ನೋಡೂದು ಇದನ್ನ. ಏಪ್ರಿಲ್ ಅರ್ಧ ಆಗಿದ್ದ ತಡ, ಹತ್ತೂ ದಿನಕ್ಕ ಸಾಲಾಗಿ ಮೋಡ, ಮಿಂಚು, ಹನಿ ಇರೂ ಚಿತ್ರ ಹಾಕಿಬಿಡ್ತು, ಕೆಳಗ ಶೇಕಡಾ 40 ಅಂತ. ಅಕ್ಕ ಅದನ್ನ ನೋಡಿ ಮೂರ ದಿನ ಮಧ್ಯಾಹ್ನಕ್ಕ ಚಾಪಿ ಸುತ್ತಿ ಒಳಗ ಇಟ್ಟಳು, ಮೂರೂ ದಿನ ಒಂದ ಹನಿ ಬೀಳಲಿಲ್ಲ, ಬಿಸಿಲ ವೇಸ್ಟ್ ಆತು ಅಂತ ಭಾಳ ಮರಗಿದಳು. ಇಲ್ಲೆ ಒಂದ ಮಾತ ತಿಳ್ಕೋಬೇಕ್ರಿ, ಶೇಕಡಾ 40 ಅಂದ್ರ ದಿನದ ಅರ್ಧಕ್ಕ ಹತ್ತಿರ ಮಳಿ ಅಂತ ಅಲ್ಲ, ಇಂಥಾ ಹತ್ತ ದಿನ ಬಂದ್ರ ಅದರಾಗ ನಾಕ ದಿನ ಮಳಿ ಆಗಬಹುದು, ಆರ ದಿನ ಆಗಲಿಕ್ಕಿಲ್ಲ ಅಂತ. ಚಿತ್ರ ನೋಡಿದವರಿಗೆ ಅದು ತಿಳಿಯಂಗಿಲ್ಲ, ಚಿತ್ರದಾಗ ಮಳಿ ಸುರೀತಿರ್ತೈತಿ ಅಷ್ಟ. ಇನ್ನ ಹದಿನೈದ ದಿನ ಮುಂದಿಂದು ತೋರಸ್ತಾವಲ್ಲ, ಒಂದ ವಾರ ದಾಟಿದ ಮ್ಯಾಲ ತಾಸಿನ ಲೆಕ್ಕದ ಮಳಿ ನಂಬಿ ಏನೂ ಬುಕ್ ಮಾಡಬ್ಯಾಡ್ರಿ. ನಾ ಬರದಿಟ್ಟಿದ್ದರಾಗ ಹತ್ತನೇ ದಿನಕ್ಕ ಹೇಳಿದ್ದು ಐದನೇ ದಿನಕ್ಕ ಬರೂದ್ರಾಗ ಎರಡ ಮೂರ ಸಲ ತಿರುಗಿರ್ತಿತ್ತು.

ಎರಡನೇದ್ದು ಹವಾಮಾನ ಇಲಾಖೆ, ಅಂದ್ರ ಐಎಂಡಿ. 1875 ರಿಂದ ನಡದ ಬಂದ ಇಲಾಖೆ, 2020 ರಾಗ ಮೌಸಮ್ ಅಂತ ಆ್ಯಪ್ ಸೈತ ಬಿಟ್ಟಾರ. ಇದನ್ನ ಓದೂ ರೀತಿ ಗೊತ್ತಿದ್ರ ಇದರಷ್ಟ ಖರೇ ಮಾತ ಹೇಳೂದು ಬ್ಯಾರೆ ಯಾವದೂ ಇಲ್ಲ ಅಂತ ನನ್ನ ಅನುಭವ, ಆದ್ರ ಓದೂದನ್ನ ಕಲಿಬೇಕು. ನ್ಯೂಸ್‌ನ್ಯಾಗ "ಒಂದೆರಡು ಕಡೆ", "ಕೆಲವು ಕಡೆ", "ಹಲವು ಕಡೆ", "ಬಹುತೇಕ ಕಡೆ" ಅಂತ ಓದಿ ಹೇಳ್ತಾರಲ್ಲ, ಅವು ಸುಮ್ನ ಮಾತಲ್ಲ, ಒಂದೊಂದಕ್ಕೂ ಲೆಕ್ಕ ಐತಿ. ಮಳಿ ಅಳಿಯೂ ಕೇಂದ್ರದಾಗ ಮಳಿ ಬಿದ್ದ ಕೇಂದ್ರ ಶೇಕಡಾ 25 ರ ಒಳಗ ಇದ್ರ ಒಂದೆರಡು ಕಡೆ, 26 ರಿಂದ 50 ಇದ್ರ ಕೆಲವು ಕಡೆ, 75 ರ ತನಕ ಹಲವು ಕಡೆ, ಅದರ ಮ್ಯಾಲ ಬಹುತೇಕ ಕಡೆ. "ಭಾರಿ ಮಳೆ" ಅನ್ನಬೇಕಾದ್ರ ಒಂದ ದಿನಕ್ಕ 64.5 ಮಿಲಿಮೀಟರ್ ಮುಟ್ಟಬೇಕು, 115.6 ದಾಟಿದ್ರ ಅತಿ ಭಾರಿ. ಎಚ್ಚರಿಕಿಗೆ ಬಣ್ಣ ಕೊಡ್ತಾರ, ಹಳದಿ ಅಂದ್ರ ಲಕ್ಷ್ಯ ಇಡ್ರಿ ಅಂತ, ಕಿತ್ತಳಿ ಅಂದ್ರ ತಯಾರಿ ಮಾಡ್ಕೋರಿ ಅಂತ. ಹಳದಿ ಕಂಡ ಕೂಡಲೇ ಲಗ್ನ ಮುಂದ ಹಾಕೂ ಹಂಗ ನಮ್ಮ ಕಾಕಾ ಗಾಬರಿ ಆಗಿದ್ರು, ಇದನ್ನ ಹೇಳಿದ ಮ್ಯಾಲ ಸಮಾಧಾನ ಆದ್ರು.

ಆದ್ರ ನನ್ನ ನೋಟ್‌ಬುಕ್ಕಿನ್ಯಾಗ ಮೊದಲನೇ ತಿಂಗಳ "ಉತ್ತರ ಕನ್ನಡದಾಗ ಒಂದೆರಡು ಕಡೆ ಮಳಿ" ಅಂದ ದಿನಾ ಅಂಕೋಲಾದಾಗ ಚಾಪಿ ಒಣಾನ ಇರ್ತಿತ್ತು, ಯಾಕಂತ ತಲಿ ಕೆಡಿಸ್ಕೊಂಡೆ. ಆಮ್ಯಾಲ ನಕಾಶಾ ಬಿಚ್ಚಿ ನೋಡಿದಾಗ ಹೊಳೀತು. ಉತ್ತರ ಕನ್ನಡ ಅಂದ್ರ ಬರೇ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಅಲ್ಲ, ಅದರಾಗ ಜೋಯಿಡಾ, ಯಲ್ಲಾಪುರ, ಶಿರಸಿ ಅದಾವ, ನಮ್ಮ ಖಾನಾಪುರದ ಮಗ್ಗಲ ಇರೂ ಹಳಿಯಾಳ ಸೈತ ಐತಿ. ಹಳಿಯಾಳದಾಗ ಅಡ್ಡಮಳಿ ಬಿದ್ರೂ ಜಿಲ್ಲೆಯ ಮುನ್ಸೂಚನೆ ಖರೇನ ಆತು. ಇಲಾಖೆ ಅದನ್ನ ಕರಾವಳಿ ಅಂತ ಉಡುಪಿ, ದಕ್ಷಿಣ ಕನ್ನಡದ ಜೊತಿ ಹಿಡದು ಹೇಳ್ತೈತಿ, ನಾವು ಕರಾವಳಿ ಅಂದ ಕೂಡಲೇ ಕಣ್ಣ ಮುಂದ ಮಳಲು, ತೆಂಗಿನ ಗಿಡ ತಂದ್ಕೋತೇವಿ. ಅಲ್ಲಿಂದ ಮುಂದ ನಾ "ಒಂದೆರಡು ಕಡೆ" ಅಂದ್ರ ಘಟ್ಟದ ಮ್ಯಾಲ ಅಂತ ಓದ್ಕೊಂಡೆ, "ಹಲವು ಕಡೆ" ಅಂದ ದಿನಾ ಅಷ್ಟ ಅಕ್ಕಗ ಫೋನ್ ಮಾಡಿ ಹುಷಾರ ಅಂದೆ. ಅದಾದ ಮ್ಯಾಲ ಲೆಕ್ಕ ಭಾಳ ಕೂಡಿ ಬಂತು.

ಬಿಸಿಲಿಂದು ಸೈತ ಹಂಗ. ನಮ್ಮ ಕಡೆ ಬಯಲ ಸೀಮಿಗೆ 40 ಡಿಗ್ರಿ ಮುಟ್ಟಿದ ಮ್ಯಾಲ ಉಷ್ಣ ಅಲೆ ಮಾತ ತಗಿತಾರ, ಕರಾವಳಿಗೆ 37 ಆಗಿ, ಅದು ದಿನದ ಸಾಮಾನ್ಯಕಿಂತ 4.5 ಡಿಗ್ರಿ ಜಾಸ್ತಿ ಆದ್ರ ಸಾಕು. ಬೆಳಗಾವಿಯಿಂದ ಹೋದ ಹಿರ್ಯಾರು 34 ಅಂತ ನೋಡಿ "ನಮಗೇನ ಹೊಸದಲ್ಲ" ಅಂತಾರ, ಅಲ್ಲೆ ಇಳದ ಮ್ಯಾಲ ಬೆವರ ಆರಂಗ ಇಲ್ಲ, ಮೈಯಾಗಿನ ಅಂಗಿ ಹಿಂಡೂ ಹಂಗ ಆಗ್ತೈತಿ. ವಯಸ್ಸಾದವರನ್ನ ಕರಕೊಂಡ ಹೋಗೂರು ಮಳಿಕಿಂತ ಮೊದಲ ಇದನ್ನ ನೋಡ್ರಿ, ದಯವಿಟ್ಟು.

ಮೂರನೇದ್ದು ವಿಂಡಿ, ಹವಾಮಾನ ತೋರಸೂ ಇನ್ನೊಂದ ಆ್ಯಪ್. ಇದು ತಾನ ಮುನ್ಸೂಚನೆ ಮಾಡೂದಕಿಂತ ಬ್ಯಾರೆ ಬ್ಯಾರೆ ಮಾಡೆಲ್, ಅಂದ್ರ ಹವಾಮಾನದ ಕಂಪ್ಯೂಟರ್ ಲೆಕ್ಕ, ನಕಾಶಾದ ಮ್ಯಾಲ ತೋರಸ್ತೈತಿ, ಯುರೋಪಿನವರದು ಇಸಿಎಂಡಬ್ಲ್ಯೂಎಫ್, ಅಮೇರಿಕಾದವರದು ಜಿಎಫ್‌ಎಸ್. ಎರಡನ್ನೂ ಒಂದ ಜಾಗಾಕ್ಕ ಇಟ್ಟು ನೋಡಬಹುದು, ಅದ ಇದರ ದೊಡ್ಡ ಲಾಭ. ಎರಡೂ ಒಂದ ಮಾತ ಹೇಳಿದ್ರ ನಂಬಿದೆ, ಒಂದು ಹೌದು ಒಂದು ಅಲ್ಲ ಅಂದ್ರ ನಾಳಿಗೆ ನೋಡೂಣು ಅಂತ ಬಿಟ್ಟೆ. ಮಳಿ ಬಣ್ಣ ನೋಡಿದ್ರ ಇದೂ ಘಟ್ಟದ ಮಳಿನ ಅಂಕೋಲಾದ ಮ್ಯಾಲ ಹಚ್ಚತೈತಿ, ಯಾಕಂದ್ರ ಯುರೋಪಿನ ಮಾಡೆಲ್ ಲೆಕ್ಕ ಹಾಕೂ ನೆಲದ ಒಂದ ಚೌಕ ಅಂದ್ರ ಸುಮಾರ 9 ಕಿಲೋಮೀಟರ್, ಅಷ್ಟ ಜಾಗಾದಾಗ ಅಲ್ಲೆ ಸಮುದ್ರನೂ ಬರ್ತೈತಿ ಗುಡ್ಡಾನೂ ಬರ್ತೈತಿ. (2025 ರ ಮೇ ತಿಂಗಳದಾಗ ನಮ್ಮ ದೇಶದವರು 6 ಕಿಲೋಮೀಟರ್ ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಚಾಲೂ ಮಾಡಿದ್ರು, ಅದರ ಮೊದಲ 12 ಇತ್ತು. ಪುಣೆದ ಐಐಟಿಎಂ ಅನ್ನೂ ಹವಾಮಾನ ಸಂಶೋಧನಾ ಸಂಸ್ಥೆಯವರ ಕೆಲಸ, ಭಾಳ ಹೆಮ್ಮಿ ಅನಸ್ತು.)

ವಿಂಡಿಯೊಳಗ ನನಗ ಸಿಕ್ಕ ಬಂಗಾರ ಅಂದ್ರ ಗಾಳಿ. ಬ್ಯಾಸಿಗ್ಯಾಗ ಅಲ್ಲೆ ರಾತ್ರಿ ನೆಲದ ಗಾಳಿ ಮೂಡಣದಿಂದ ಸಮುದ್ರಕ್ಕ ಹೋಗ್ತೈತಿ, ಮುಂಜಾನೆ ಹನ್ನೊಂದರ ಸುಮಾರಿಗೆ ತಿರುಗಿ ಸಮುದ್ರದಿಂದ ಒಳಗ ಬರಾಕ ಚಾಲೂ ಆಗ್ತೈತಿ. ಆ ಹಸಿ ಗಾಳಿ ಘಟ್ಟಕ್ಕ ಬಡದು ಮ್ಯಾಲ ಏರಿ ಮಧ್ಯಾಹ್ನಕ್ಕ ಮೋಡ ಕಟ್ಟತೈತಿ. ಇಲ್ಲಿ ತನಕ ದಿನಾ ನಡಿಯೂದ. ಆ ಮೋಡ ಕೆಳಗ ಇಳದು ಕರಾವಳಿಗೆ ಬರ್ತೈತೋ ಅಲ್ಲೇ ಯಲ್ಲಾಪುರದ ಮ್ಯಾಲ ಸುರದು ಹೋಗ್ತೈತೋ ಅನ್ನೂದು ಮ್ಯಾಲಿನ ಗಾಳಿ ಕೈಯಾಗ ಐತಿ. ವಿಂಡಿಯೊಳಗ ಎತ್ತರ 3000 ಮೀಟರ್ ಸುತ್ತ ಇಟ್ಟು ನೋಡಿದೆ, ಅಲ್ಲೆ ಗಾಳಿ ಮೂಡಣದಿಂದ ಪಡುವಣಕ್ಕ ಜೋರ ಇದ್ದ ದಿನಾ ಸಂಜಿಗೆ ಅಕ್ಕ ಚಾಪಿ ಎತ್ತಿಕೊಂಡ ಓಡಿದಳು, ಉಲ್ಟಾ ಇದ್ದ ದಿನಾ ಇಲ್ಲ. ಎರಡ ತಿಂಗಳದಾಗ ಅಂಗಳ ತೊಯ್ಯೂ ಅಂಥಾ ಮಳಿ ಐದ ಸಲ ಬಂತು, ನಾಕ ಸಲ ಗಾಳಿ ಹಿಂಗ ಇತ್ತು. ಇದನ್ನ ಕಂಡ ದಿನಾ ನನಗ ನಿದ್ದಿ ಬರಲಿಲ್ಲ, ಅಷ್ಟ ಖುಷಿ.

ಅದ ದಿನದ ಮಾತಿಗೆ ಗೋವಾದ ಡಾಪ್ಲರ್ ರಾಡಾರ್ ಚಿತ್ರ. ಇಲಾಖೆ ಸೈಟಿನ್ಯಾಗ ಪುಕ್ಕಟ ಐತಿ, ಕಾರವಾರ, ಅಂಕೋಲಾ ಅದರ ಹರವಿನ್ಯಾಗ ಬರ್ತಾವ. ಇದು ನಾಳಿಂದು ಹೇಳಂಗಿಲ್ಲ, ಮೋಡ ಈಗ ಎಲ್ಲಿ ಐತಿ, ಯಾವ ಕಡೆ ಹೊಂಟೈತಿ ಅಂತ ತೋರಸ್ತೈತಿ, ಎರಡ ಮೂರ ಚಿತ್ರ ಒಂದರ ಹಿಂದ ಒಂದ ನೋಡಿದ್ರ ಸಾಕು. ಸಿಡಲಿಗೆ ಐಐಟಿಎಂನವರ ದಾಮಿನಿ ಆ್ಯಪ್ ಇಟ್ಕೋರಿ, 20 ಮತ್ತ 40 ಕಿಲೋಮೀಟರ್ ಸುತ್ತಿನ ಎಚ್ಚರಿಕಿ ಕೊಡ್ತೈತಿ.

ಲಗ್ನ ಮುಗಿಸಿ ಬೀಚಿಗೆ ಹೋಗೂ ಬಯಲ ಸೀಮಿ ಮಂದಿಗೆ ಒಂದ ಮಾತ. ಬಿಸಿಲ ಚಂದ ಐತಿ, ಗಾಳಿ ಇಲ್ಲ ಅಂತ ನೀರಿಗೆ ಇಳಿಬ್ಯಾಡ್ರಿ. ಏಪ್ರಿಲ್, ಮೇದಾಗ ಸಾವಿರಾರ ಕಿಲೋಮೀಟರ್ ದೂರ ದಕ್ಷಿಣ ಸಾಗರದಾಗ ಎದ್ದ ಅಲಿ ಇಲ್ಲಿ ತನಕ ಬರ್ತಾವ, ಮಳಿ ಆ್ಯಪಿನ್ಯಾಗ ಅದು ಕಾಣಂಗಿಲ್ಲ. ಅದಕ್ಕ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡೂ ಅಲಿ ಎಚ್ಚರಿಕಿ ನೋಡಬೇಕು.

ಇನ್ನ ಅಕ್ಕನ ಅತ್ತಿ. ಎಪ್ಪತ್ತ ದಾಟ್ಯಾವ, ಫೋನ್ ಬಳಸಂಗಿಲ್ಲ. ಅಕ್ಕನ ಹೊಸ್ತಿಲದಾಗ ಕುಂತು ಎರಡ ನೋಡ್ತಾರ, ತೆಂಗಿನ ಗರಿ ಯಾವ ಕಡೆ ವಾಲ್ಯಾವು, ಮೂಡಣ ಗುಡ್ಡದ ಅಂಚು ಕಾಣತೈತೋ ಇಲ್ಲೋ. ಒಂದ ದಿನಾ ನಾ ಅಲ್ಲೇ ಇದ್ದೆ, ನಾಕಕ್ಕ ಗರಿ ಒಮ್ಮಿಂದೊಮ್ಮೆ ಸುಮ್ನ ನಿಂತು, ಒಂದ ಎಲಿ ಅಳ್ಳಾಡಲಿಲ್ಲ, "ಕಡಲ ಗಾಳಿ ನಿಂತ್ತು ತಮಾ, ಚಾಪೆ ಒಳಗೆ ಹಾಕು" ಅಂದ್ರು. ಅರ್ಧಾ ತಾಸಿನ್ಯಾಗ ಮೂಡಣದಿಂದ ತಂಪ ಗಾಳಿ ಬಂತು, ಹಿಂದ ಮಳಿ. ನಾ ಮೊಬೈಲಿನ್ಯಾಗ 3000 ಮೀಟರಿಗೆ ಹುಡುಕಿದ್ದನ್ನ ಅವರು ಗರಿಯೊಳಗ ನೋಡಿದ್ರು. ಐದೂ ಸಲ ಅವರ ಮಾತ ತಪ್ಪಲಿಲ್ಲ, ಆದ್ರ ಅವರದು ಅರ್ಧಾ ತಾಸಿನ ಮುನ್ಸೂಚನೆ, ಪೆಂಡಾಲಿನವಗ ನಾಕ ದಿನ ಬೇಕು. ನಮ್ಮವ್ವ ಮಾತ್ರ "ಭರಣಿ ಮಳಿ ಬಂದ್ರ ಧರಣಿ ಎಲ್ಲಾ ಬೆಳಿ" ಅಂತ ಮಳಿ ಬಂದ್ರ ಶುಭ ಅಂತಿದ್ದಳು.

ಮೇ ತಿಂಗಳದಾಗ ಕರಾವಳಿಗೆ ಮಳಿ ಎಲ್ಲಿಂದ ಬರ್ತೈತಿ ಅನ್ನೂವರೂ ಇದ್ರು ಮನ್ಯಾಗ. 2021 ರ ಮೇ ನಡುವ ತೌಕ್ತೆ ಚಂಡಮಾರುತ ಈ ದಂಡಿ ಸವರಿಕೊಂಡ ಹೋತು, 2025 ರಾಗ ಮುಂಗಾರ ಮೇ 24 ಕ್ಕ ಕೇರಳಕ್ಕ ಬಂತು, ವಾಡಿಕಿ ಜೂನ್ 1. ಅರಬ್ಬಿ ಸಮುದ್ರದಾಗ ಏನರ ಎದ್ದೈತೋ ಅಂತ ಇಲಾಖೆ ವಾರದ ಮುನ್ಸೂಚನೆ ನೋಡೂದನ್ನ ಮಾತ್ರ ನಾ ಒಂದ ದಿನಾ ಬಿಡಲಿಲ್ಲ.

ನಾಕ ದಿನ ಮೊದಲ ಇಲಾಖೆ "ಕೆಲವು ಕಡೆ", ಹಳದಿ ಅಂತು. ಫೋನಿನ ಆ್ಯಪ್‌ನ್ಯಾಗ ಲಗ್ನದ ದಿನಾ ಮಿಂಚಿನ ಚಿತ್ರ. ವಿಂಡಿಯೊಳಗ ಎರಡೂ ಮಾಡೆಲ್, ಮ್ಯಾಲಿನ ಗಾಳಿ ಹಿಂದಿನ ದಿನಾ ತನಕ ಮೂಡಣದಿಂದ, ಲಗ್ನದ ದಿನಾ ಪಡುವಣದಿಂದ ತಿರುಗತೈತಿ ಅಂತ ತೋರಿಸಿದ್ವು. ಅಡಗಿ ಮಾಡೂ ಕಡೆ ಅಷ್ಟ ತಗಡ ಹಾಕ್ರಿ, ಉಳದದ್ದು ಬಟ್ಟಿ ಅಂತ ಹೇಳಿದೆ, ಹೇಳಿದ ಮ್ಯಾಲ ಹೊಟ್ಟ್ಯಾಗ ಕಳವಳ ಇದ್ದ ಇತ್ತು. ಮಾಮಾ ಎರಡ ತಾಡಪತ್ರಿ ತಂದಿಟ್ಟಿದ್ರು.

ಲಗ್ನದ ದಿನಾ ಮೂರಕ್ಕ ಕಡೀ ಪಂಕ್ತಿ ಕುಂತಿತ್ತು, ರಾಡಾರ್‌ದಾಗ ಯಲ್ಲಾಪುರದ ಮ್ಯಾಲ ಕೆಂಪ ಮಚ್ಚಿ ಎದ್ದಿದ್ವು, ಮೂಡಣಕ್ಕ ಗುಡ್ಡ ಕರ್ರಗ. ಅತ್ತಿಯವರ ಕಡೆ ನೋಡಿದೆ, ಅವರು ತೆಂಗಿನ ಗರಿ ನೋಡಿ "ಬಡ್ಸು, ಬಡ್ಸು" ಅಂದ್ರು. ಐದರ ಸುಮಾರಿಗೆ ಬೆಳಗಾವಿಗೆ ತಿರುಗಿ ಹೊಂಟಿದ್ದ ಕಾಕಾ ಅರಬೈಲ್ ಘಟ್ಟದಿಂದ ಫೋನ್ ಮಾಡಿದ್ರು, ವೈಪರ್ ಜೋರ ಹಾಕಿದ್ರೂ ರಸ್ತೆ ಕಾಣವಲ್ದು, ಗಾಡಿ ಮಗ್ಗಲಿಗೆ ಹಾಕಿ ನಿಂತೇವಿ ಅಂತ. ಇಲ್ಲೆ ಹಿತ್ತಲದಾಗ ಅಕ್ಕನ ಮುರುಗಲ ಸಿಪ್ಪಿ ಇನ್ನೂ ಚಾಪಿ ಮ್ಯಾಲ ಒಣಗತಿತ್ತು.