ಜರ್ಮನಿಗೆ ಓಪೇರ್ ಆಗಿ ಹೋಗಲು ದಾವಣಗೆರೆಯಲ್ಲಿ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

"ಜರ್ಮನಿಗೆ ಓಪೇರ್ ಆಗಿ ಕಳಿಸ್ತೀವಿ, ಎಲ್ಲಾ ನಾವೇ ನೋಡ್ಕೋತೀವಿ" ಎಂದು ದಾವಣಗೆರೆಯಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕೊಡಲೇಬೇಡಿ. ನಮ್ಮ ಮನೆಯಿಂದ 1,80,000 ರೂಪಾಯಿ ಹೋಗಿದೆ. ಅಮ್ಮನ ಬಳೆ ಇನ್ನೂ ಬ್ಯಾಂಕಿನಲ್ಲಿ ಅಡ ಬಿದ್ದಿದೆ.

ಓಪೇರ್ ಅಂದರೆ ಅಲ್ಲಿನ ಒಂದು ಮನೆಯಲ್ಲಿ ಇದ್ದುಕೊಂಡು ಅವರ ಮಕ್ಕಳನ್ನು ನೋಡಿಕೊಳ್ಳುತ್ತಾ ಭಾಷೆ ಕಲಿಯುವುದು. ಜರ್ಮನಿಯಲ್ಲಿ ಹೆಚ್ಚೆಂದರೆ ಒಂದು ವರ್ಷ. ಅರ್ಜಿ ಹಾಕುವಾಗ 27 ತುಂಬಿರಬಾರದು, ಜರ್ಮನ್ ಎ1 ಮಟ್ಟದಷ್ಟಾದರೂ, ಅಂದರೆ ಕಲಿಕೆಯ ಮೊದಲ ಹಂತದಷ್ಟಾದರೂ, ಬರಬೇಕು. ಎ1 ಪರೀಕ್ಷೆ ನಾನೇ ಓದಿ ಬೆಂಗಳೂರಿಗೆ ಹೋಗಿ ಬರೆದು ಪಾಸಾದೆ. ಅದೊಂದೇ ಈ ಕಥೆಯಲ್ಲಿ ನಿಜವಾದದ್ದು ಅನ್ನಿಸುತ್ತದೆ ಈಗ.

ಆಫೀಸಿನ ಹೆಸರು ಹಾಕುವುದಿಲ್ಲ, ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಊರ ನಡುವೆಯೇ ಇದೆ. ಎಸಿ, ಗಾಜಿನ ಬಾಗಿಲು, ಗೋಡೆ ತುಂಬಾ ಐಫೆಲ್ ಟವರ್ ಫೋಟೋ. (ಜರ್ಮನಿಗೆ ಕಳಿಸುವವರಿಗೆ ಪ್ಯಾರಿಸ್ ಟವರ್ ಯಾಕೆ ಬೇಕೋ!) ಅಪ್ಪನ ಎದುರು ಆ ಮನುಷ್ಯ ಹೇಳಿದ್ದು ಇದು: "ತಿಂಗಳಿಗೆ 280 ಯೂರೋ ಪಾಕೆಟ್ ಮನಿ ಸರ್. ಸಂಬಳ ಬೇರೆ." ಸಂಬಳ ಬೇರೆ ಅಂತೆ! ಸಂಬಳ ಅನ್ನುವುದೇ ಇಲ್ಲ ಇದರಲ್ಲಿ. ಆ 280 ಯೂರೋನೇ ಎಲ್ಲಾ, ಜೊತೆಗೆ ಭಾಷಾ ತರಗತಿಗೆ ಅಲ್ಲಿನ ಮನೆಯವರು ಕೊಡಬೇಕಾದ 70 ಯೂರೋ. ಅಪ್ಪ ಇಲ್ಲದ ಸಂಬಳದ ಮೇಲೆ ಸಾಲದ ಕಂತು ಲೆಕ್ಕ ಹಾಕಿಬಿಟ್ಟರು.

ಆಮೇಲೆ ಒಂದರ ಹಿಂದೆ ಒಂದು ಚಾರ್ಜು. ವೀಸಾಕ್ಕೆ 40,000 ಎಂದು ತಗೊಂಡರು. ಓಪೇರ್ ವೀಸಾದ ಶುಲ್ಕ 75 ಯೂರೋ, ನಮ್ಮ ದುಡ್ಡಿನಲ್ಲಿ ಏಳೆಂಟು ಸಾವಿರ. ನಾನು ಇಲ್ಲಿ ಜರ್ಮನಿಗೆ ಬಂದು ಇಳಿದ ಮೇಲೂ "ವಿಳಾಸ ನೋಂದಣಿಗೆ 25,000 ಹಾಕಿ, ಇಲ್ಲ ಅಂದ್ರೆ ಮಗಳನ್ನ ವಾಪಸ್ ಕಳಿಸ್ತಾರೆ" ಎಂದು ಅಮ್ಮನನ್ನು ಹೆದರಿಸಿ ಹಾಕಿಸಿಕೊಂಡರು. ಬಂದ ಎರಡು ವಾರದೊಳಗೆ ಊರ ಆಡಳಿತ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದು ನಿಜ. ನನ್ನನ್ನು ನಾನು ಬಂದು ಸೇರಿದ ಮನೆಯವರೇ ಕರೆದುಕೊಂಡು ಹೋದರು. ಕೌಂಟರಿನಲ್ಲಿ ಒಂದು ಪೈಸೆ ಕೇಳಲಿಲ್ಲ.

ಬಂದ ಮೇಲೆ ಏನಾಯಿತು ಅಂದರೆ, ಬೆಳಿಗ್ಗೆ ಆರಕ್ಕೆ ಶುರುವಾದ ಕೆಲಸ ರಾತ್ರಿ ಮಕ್ಕಳು ಮಲಗುವವರೆಗೆ. ಇಡೀ ಮನೆ ಒರೆಸುವುದು, ಎಲ್ಲರ ಬಟ್ಟೆ ಇಸ್ತ್ರಿ, ನಾಯಿಯನ್ನು ಸುತ್ತಾಡಿಸುವುದು. ನಾಯಿ ಕಂಡರೆ ರಸ್ತೆ ದಾಟಿ ಆ ಕಡೆ ಹೋಗುವವಳು ನಾನು. ನಿಯಮ ಇರುವುದು ವಾರಕ್ಕೆ 30 ಗಂಟೆ, ದಿನಕ್ಕೆ ಆರು ಗಂಟೆ, ವಾರಕ್ಕೆ ಒಂದೂವರೆ ದಿನ ರಜೆ. ಭಾನುವಾರವೂ ಕೆಲಸ ಹೇಳಿದಾಗ ಇವರು ನನ್ನನ್ನು ಮನೆಕೆಲಸದವಳು ಅಂದುಕೊಂಡಿದ್ದಾರೆ ಎಂದು ರಾತ್ರಿ ಅತ್ತಿದ್ದೇನೆ. ಅಮ್ಮನ ಹತ್ತಿರ ಮಾತ್ರ ಎಲ್ಲಾ ಚೆನ್ನಾಗಿದೆ ಅನ್ನುವುದು. ಅಲ್ಲಿ ನೆಂಟರಿಗೆಲ್ಲ ನಾನು "ಜರ್ಮನಿಯಲ್ಲಿ ಟೀಚರ್" ಆಗಿಬಿಟ್ಟಿದ್ದೆ!

ಒಂದು ದಿನ ಮಕ್ಕಳ ತಾಯಿ, "ಇವತ್ತು ಸೆಕೆ ಜಾಸ್ತಿ, ಇಬ್ಬರನ್ನೂ ಈಜುಕೊಳಕ್ಕೆ ಕರೆದುಕೊಂಡು ಹೋಗು" ಎಂದರು. ಚಿಕ್ಕದಕ್ಕೆ ನಾಲ್ಕು ವರ್ಷ. ನನಗೆ ಈಜು ಬರುವುದಿಲ್ಲ ಎಂದೆ. ಭದ್ರಾ ಕಾಲುವೆಗೆ ಕಾಲು ಇಳಿಬಿಡಲೂ ಅಮ್ಮ ಬಿಟ್ಟವರಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಮುಂದಿಟ್ಟರು.

ಓಪೇರ್ ಹುಡುಕುವ ಒಂದು ವೆಬ್‌ಸೈಟ್. ಅದರಲ್ಲಿ ನನ್ನ ಹೆಸರು, ನನ್ನ ಫೋಟೋ. ಅಕ್ಕನ ಮಗುವಿನ ಹುಟ್ಟುಹಬ್ಬದಲ್ಲಿ ಮಗುವನ್ನು ಎತ್ತಿಕೊಂಡು ತೆಗೆಸಿಕೊಂಡ ಫೋಟೋ, ಅರ್ಜಿಗೆ ಬೇಕು ಎಂದು ಆಫೀಸಿನವರು ಇಸ್ಕೊಂಡಿದ್ದು. ಕೆಳಗೆ ಬರೆದಿದೆ: ಶಿಶುವಿಹಾರದಲ್ಲಿ ಮೂರು ವರ್ಷದ ಅನುಭವ. ಈಜು ಬರುತ್ತದೆ. ಕಾರು ಓಡಿಸುತ್ತೇನೆ. ನಾಯಿ ಅಂದರೆ ಪ್ರಾಣ.

ಅದಕ್ಕಿಂತ ಕೆಟ್ಟದ್ದು ಮೆಸೇಜುಗಳು. ತಿಂಗಳುಗಟ್ಟಲೆ ನಡೆದಿದೆ ಮಾತುಕತೆ, ಎಲ್ಲಾ ನನ್ನ ಹೆಸರಿನಲ್ಲಿ, ಸಾಲು ಸಾಲು ಹೃದಯದ ಚಿತ್ರ ಹಾಕಿ. "ನನಗೆ ಭಾನುವಾರ ರಜೆ ಬೇಡ." "ಗಂಟೆ ಲೆಕ್ಕ ನಮ್ಮ ದೇಶದಲ್ಲಿ ಇಲ್ಲ, ಇಡೀ ದಿನ ಕೆಲಸ ಮಾಡುವುದು ನಮಗೆ ಅಭ್ಯಾಸ." ನಾನು ಬರೆದದ್ದಲ್ಲ ಒಂದೂ. ಒಂದೇ ಒಂದು ಸಾಲೂ ನನ್ನದಲ್ಲ! ಅವರ ಜೊತೆ ವಿಡಿಯೋ ಕಾಲ್ ಆದದ್ದು ಆಫೀಸಿನಲ್ಲಿ, ಆ ಮನುಷ್ಯ ಪಕ್ಕದಲ್ಲೇ ಕೂತು "ಏನ್ ಕೇಳಿದ್ರೂ ಯಾ ಯಾ ಅನ್ನು, ಜಾಸ್ತಿ ಮಾತಾಡಿದ್ರೆ ಕೈತಪ್ಪಿ ಹೋಗುತ್ತೆ" ಅನ್ನುತ್ತಿದ್ದ. ಎ1 ಜರ್ಮನ್‌ನಲ್ಲಿ ಅವರ ವೇಗದ ಮಾತು ಎಷ್ಟು ಅರ್ಥವಾಗಬೇಕು?

ಆ ತಾಯಿ ಕೂಗಾಡಲಿಲ್ಲ. "ಸುಳ್ಳು ಹೇಳಿದವಳ ಕೈಗೆ ಮಕ್ಕಳನ್ನು ಹೇಗೆ ಕೊಡಲಿ?" ಎಂದರು ಅಷ್ಟೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಏಜೆಂಟಿಗೆ ದುಡ್ಡು ಕೊಟ್ಟು ಬಂದಿದ್ದೇನೆ ಎಂದಾಗ ಅವರಿಗೆ ಇನ್ನೂ ಆಶ್ಚರ್ಯ. ಆ ವೆಬ್‌ಸೈಟಿನಲ್ಲಿ ಹುಡುಗಿಯರಿಗೆ ಎಲ್ಲಾ ಪುಕ್ಕಟೆ, ದುಡ್ಡು ಕಟ್ಟುವುದು ಓಪೇರ್ ಬೇಕೆನ್ನುವ ಮನೆಯವರು. ನಮ್ಮ 1,80,000 ಹೋಗಿದ್ದು ಪುಕ್ಕಟೆ ಸಿಗುವುದಕ್ಕೆ.

ಏಜೆಂಟಿಗೆ ಆ ಪುಟದ ಫೋಟೋ ತೆಗೆದು ಕಳಿಸಿದೆ. ವಾಯ್ಸ್ ಮೆಸೇಜ್ ಬಂತು, ನಗುತ್ತಾ: "ನೋಡಮ್ಮ, ಪ್ರೊಫೈಲ್ ಸ್ವಲ್ಪ ಚಂದ ಮಾಡ್ಬೇಕಾಗುತ್ತೆ. ಹೆಣ್ಣು ತೋರ್ಸೋವಾಗ ಮಾಡಲ್ವಾ, ಹಂಗೆ." ಮಗು ನೀರಿಗೆ ಬಿದ್ದಿದ್ದರೆ ಸರ್? ಎಂದು ಕೇಳಿದೆ. "ಬಿದ್ದಿಲ್ವಲ್ಲಮ್ಮ." ದುಡ್ಡು ವಾಪಸ್ ಕೇಳಿದ್ದಕ್ಕೆ, "ಆಫೀಸಿಗೆ ಬಾ, ಕೂತು ಮಾತಾಡೋಣ." ನಾನು ಜರ್ಮನಿಯಲ್ಲಿ ಇದ್ದೇನೆ! ಅಮ್ಮ ಹೋದರೆ, "ನಿಮ್ಮ ಮಗಳಿಗೆ ಹೊಂದ್ಕೊಂಡು ಹೋಗೋ ಬುದ್ಧಿ ಇಲ್ಲ ಅಕ್ಕಾರೇ, ನಾವೇನ್ ಮಾಡಾಣ" ಎಂದು ಕಳಿಸಿದ್ದಾನೆ. ಅಮ್ಮ ಅದನ್ನು ನನಗೆ ಹೇಳುವಾಗ ಅರ್ಧ ನಂಬಿದ ಹಾಗಿತ್ತು. ದುಡ್ಡಿಗಿಂತ ಅದು ಉರಿಯುತ್ತದೆ ನನಗೆ.

ರಸೀದಿ ತೆಗೆದು ನೋಡಿದರೆ ಗುಲಾಬಿ ಚೀಟಿಯಲ್ಲಿ "ಭಾಷಾ ತರಬೇತಿ ಶುಲ್ಕ" ಎಂದಿದೆ. ಜಿಎಸ್‌ಟಿ ನಂಬರ್ ಇಲ್ಲ. ಜರ್ಮನಿ ಎನ್ನುವ ಮಾತೇ ಇಲ್ಲ. ಕಲಿಸಿದ್ದು ಒಂದಕ್ಷರವೂ ಇಲ್ಲ.

ಆ ಮನೆಯವರು ಕರಾರಿನಲ್ಲಿದ್ದ ಹಾಗೆ ಎರಡು ವಾರದ ನೋಟಿಸ್ ಕೊಟ್ಟರು. ಇಲ್ಲಿನ ವಿದೇಶಿಯರ ಕಚೇರಿಗೆ ತಿಳಿಸಿ ಬೇರೆ ಮನೆಗೆ ಬದಲಾಯಿಸಿಕೊಳ್ಳಬಹುದು, ಏಜೆಂಟ್ ಹೆದರಿಸಿದ ಹಾಗೆ ಆ ಕ್ಷಣವೇ ವಿಮಾನ ಹತ್ತಿಸುವುದಿಲ್ಲ. ಹೊಸ ಮನೆ ನಾನೇ ಹುಡುಕಿಕೊಂಡೆ. ಈಜು ಬರಲ್ಲ, ನಾಯಿ ಭಯ ಎಂದು ಮೊದಲೇ ಹೇಳಿದೆ. ಅವರ ಮನೆಯಲ್ಲಿ ಬೆಕ್ಕು ಇದೆ.

ಹೋಗುವ ಮನಸ್ಸಿದ್ದರೆ ಹೋಗಿ, ಓಪೇರ್ ಕೆಟ್ಟದ್ದಲ್ಲ. ಪ್ರೊಫೈಲ್ ನೀವೇ ಮಾಡಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ವಿಡಿಯೋ ಕಾಲ್ ನಿಮ್ಮ ಮನೆಯಲ್ಲೇ ಕೂತು ಮಾಡಿ. ಕರಾರಿನಲ್ಲಿ 30 ಗಂಟೆ, 280 ಯೂರೋ, ಸ್ವಂತ ಕೋಣೆ, ಅಲ್ಲಿನ ಮನೆಯವರು ಕಟ್ಟುವ ವಿಮೆ ಎಲ್ಲಾ ಬರೆದಿದೆಯಾ ನೋಡಿ. ಏಜೆಂಟ್ ಬೇಕೇ ಬೇಕು ಅನ್ನುವವರು ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರು ಇದೆಯಾ ಹುಡುಕಿ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಲೈಸೆನ್ಸ್ ಇರುವವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ನಮ್ಮವನ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಆಫೀಸು ಇನ್ನೂ ತೆರೆದಿದೆ. ಹೋದ ವಾರ ಅವರ ಸ್ಟೇಟಸ್‌ನಲ್ಲಿ ನನ್ನದೇ ಫೋಟೋ ಇತ್ತಂತೆ, "ನಮ್ಮಿಂದ ಜರ್ಮನಿಗೆ ಹೋದ ಹುಡುಗಿ" ಎಂದು. ತೆಗೆಸಿ ಎಂದು ಠಾಣೆಗೆ ಮತ್ತೆ ಬರೆದುಕೊಟ್ಟಿದ್ದೇವೆ. ಆ ಫೋಟೋ ನೋಡಿ ನಿಮ್ಮ ಮನೆಯಲ್ಲಿ ಯಾರಾದರೂ ಅಡ್ವಾನ್ಸ್ ಕಟ್ಟಲು ಹೊರಟಿದ್ದರೆ ಮೊದಲು ನನಗೆ ಮೆಸೇಜ್ ಮಾಡಿ, ರಸೀದಿ ಮತ್ತು ಅವನ ವಾಯ್ಸ್ ಮೆಸೇಜ್ ಎರಡೂ ಕಳಿಸುತ್ತೇನೆ.